ಹದಿನಾರಕ್ಕೇ ಕಾಲೇಜಿನ ಕ್ರೆಡಿಟ್

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಕನ್ನಡದವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಲ್ಲಿ, ಹತ್ತು ಹನ್ನೊಂದನೇ ಕ್ಲಾಸಿನ ಮಕ್ಕಳಿರುವವರ ಮಾತು ತಟ್ಟೆಗೆ ಬಿಸಿಬೇಳೆಬಾತ್ ಬೀಳುವಷ್ಟರಲ್ಲಿ ಅಲ್ಲಿಗೇ ಬಂದಿರುತ್ತದೆ. "ನಿಮ್ಮವಳು ಈ ವರ್ಷ ಎಷ್ಟು ಎಪಿ ತಗೊಂಡ್ಲು? ಓಲೋನಿಲಿ ಏನಾದ್ರೂ ಮಾಡ್ತಿದಾಳಾ?" ಓಲೋನಿ ನಮ್ಮೂರಿನ ಕಮ್ಯೂನಿಟಿ ಕಾಲೇಜು, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಕೇಳುವವರ ದನಿಯಲ್ಲಿ ಅಕ್ಕರೆಯೂ ಇರುತ್ತದೆ, ತೂಗಿ ನೋಡುವ ಕುತೂಹಲವೂ ಇರುತ್ತದೆ. ನಾನೂ ಬೇರೆಯವರನ್ನು ಹೀಗೇ ಕೇಳಿದ್ದೇನೆ. ಬಂದ ಉತ್ತರವನ್ನು ಮನೆಗೆ ಹೊತ್ತು ತಂದು ರಾತ್ರಿ ಯಜಮಾನರ ನಿದ್ದೆ ಕೆಡಿಸಿದ್ದೂ ಉಂಟು.

ಊರಲ್ಲಿರುವವರಿಗಾಗಿ ವಿಷಯ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಹೈಸ್ಕೂಲು ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ. ಅದು ಮುಗಿಯುವ ಮೊದಲೇ, ಮುಂದೆ ಮಾಡಲಿರುವ ಡಿಗ್ರಿಗೆ ಜಮೆಯಾಗುವ ಕ್ರೆಡಿಟ್ ಸಂಪಾದಿಸಲು ಎರಡು ಮುಖ್ಯ ದಾರಿಗಳಿವೆ. ಒಂದು ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಪಾಠ ಹೈಸ್ಕೂಲಿನ ಕೋಣೆಯಲ್ಲೇ, ಹೈಸ್ಕೂಲಿನ ಟೀಚರದ್ದೇ. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ದೇಶಕ್ಕೆಲ್ಲ ಪರೀಕ್ಷೆ ನಡೆಸಿ 1ರಿಂದ 5ರವರೆಗೆ ಸ್ಕೋರ್ ಕೊಡುತ್ತದೆ. ವಿಷಯಗಳು ನಲವತ್ತರ ಹತ್ತಿರ. ಪರೀಕ್ಷೆಯೊಂದಕ್ಕೆ ನೂರು ಡಾಲರಿನ ಆಸುಪಾಸು ಫೀಸು. ಇನ್ನೊಂದು ದಾರಿ ಡ್ಯುಯಲ್ ಎನ್‌ರೋಲ್‌ಮೆಂಟ್. ಇದರಲ್ಲಿ ಹೈಸ್ಕೂಲು ಹುಡುಗಿ ನಿಜವಾದ ಕಾಲೇಜು ಕೋರ್ಸಿಗೇ ಸೇರುತ್ತಾಳೆ. ಒಂದು ಪರೀಕ್ಷೆಯ ಮೇಲೆ ಎಲ್ಲವೂ ನಿಂತಿರುವುದಿಲ್ಲ. ಸೆಮಿಸ್ಟರ್ ಪೂರ್ತಿ ಬರೆದ ಪ್ರಬಂಧ, ಕ್ವಿಜ್, ಮಿಡ್‌ಟರ್ಮ್ ಎಲ್ಲ ಸೇರಿ ಬಂದ ಗ್ರೇಡು ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕೂರುತ್ತದೆ. ಅದೇ ಕೋರ್ಸು ಹೈಸ್ಕೂಲಿನ ಲೆಕ್ಕಕ್ಕೂ ಬರುತ್ತದೆ. ಐಬಿ ಎಂಬ ಮೂರನೆಯದೂ ಇದೆ. ಅದು ನಮ್ಮ ಮನೆಯೊಳಗೆ ಬರಲಿಲ್ಲ, ಬಿಡಿ.

ದುಡ್ಡಿನ ಲೆಕ್ಕ ನೋಡಿದರೆ ಯಾರಿಗಾದರೂ ಆಸೆಯಾಗಬೇಕಾದ್ದೇ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ (ಕ್ರೆಡಿಟ್ಟಿನ ಅಳತೆ ಅದು) 46 ಡಾಲರ್. ಹೈಸ್ಕೂಲು ಮಕ್ಕಳಿಗೆ ಸಾಮಾನ್ಯವಾಗಿ ಅದೂ ಮಾಫಿ. ಪುಸ್ತಕ, ಪಾರ್ಕಿಂಗು, ಸಣ್ಣಪುಟ್ಟ ಫೀಸು ಮಾತ್ರ ನಮ್ಮ ತಲೆಗೆ. ಅತ್ತ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ, ನಾವೆಲ್ಲ ಯುಸಿ ಅನ್ನುವುದರಲ್ಲಿ, ರಾಜ್ಯದ ಮಕ್ಕಳಿಗೂ ಬೋಧನಾ ಶುಲ್ಕವೇ ವರ್ಷಕ್ಕೆ 15 ಸಾವಿರ ಡಾಲರಿನ ಹತ್ತಿರ. ಊಟ, ವಸತಿ ಸೇರಿಸಿದರೆ ಅದರ ದುಪ್ಪಟ್ಟು ದಾಟುತ್ತದೆ. ಒಂದು ವರ್ಷ ಉಳಿದರೆ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕಲು ನಮ್ಮ ಜನಕ್ಕೆ ಕ್ಯಾಲ್ಕ್ಯುಲೇಟರ್ ಬೇಕಿಲ್ಲ. 2022-23ರಲ್ಲಿ ದೇಶದಾದ್ಯಂತ ಸುಮಾರು 25 ಲಕ್ಷ ಹೈಸ್ಕೂಲು ಮಕ್ಕಳು ಹೀಗೆ ಕಾಲೇಜು ಕೋರ್ಸು ತೆಗೆದುಕೊಂಡಿದ್ದರು. ಕಮ್ಯೂನಿಟಿ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಐವರಿಗೊಬ್ಬರು ಈಗ ಹೈಸ್ಕೂಲಿನವರು.

ನಮ್ಮಪ್ಪ ಶಿವಮೊಗ್ಗ ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಲೆಕ್ಚರರ್ ಆಗಿದ್ದವರು. ಮೊಮ್ಮಗಳು ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಿದ್ದಾಳೆ ಎಂದು ಫೋನಿನಲ್ಲಿ ಹೇಳಿದರೆ ಅವರು ಹುಬ್ಬು ಕೂಡ ಏರಿಸಲಿಲ್ಲ. "ಅದ್ರಲ್ಲಿ ಹೊಸದೇನು ಬಂತಮ್ಮಾ? ನಮ್ಮ ಡಿಪ್ಲೊಮಾ ಹುಡುಗ್ರು ಮಾಡ್ತಿದ್ದದ್ದೂ ಅದೇ ಅಲ್ವಾ?" ಅಂದರು. ನಾನು ಹಾಗೆ ಯೋಚಿಸಿಯೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಹೋಗದೆ ಮೂರು ವರ್ಷದ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ನೇರವಾಗಿ ಸೇರುತ್ತಾರೆ. ಪಕ್ಕದ ಮನೆಯವನು ಪಿಯುಸಿಯಲ್ಲಿ ಇಂಟಿಗ್ರೇಷನ್ ಉರುಹೊಡೆಯುವಾಗ ಇವನು ವರ್ಕ್‌ಶಾಪಿನಲ್ಲಿ ಲೇತ್ ತಿರುಗಿಸಿರುತ್ತಾನೆ. ಹಾಗೆ ಕಲಿತದ್ದಕ್ಕೆ ಬಿಇಯ ಒಂದು ವರ್ಷದ ಬೆಲೆ ಕಟ್ಟಿ ಮಾಫಿ ಮಾಡುತ್ತಾರೆ. ಕ್ರೆಡಿಟ್ ಎಂಬ ಪದ ಯಾರ ಬಾಯಲ್ಲೂ ಇಲ್ಲದ ಕಾಲದಿಂದ ಕರ್ನಾಟಕದಲ್ಲಿ ಈ ವ್ಯವಸ್ಥೆ ನಡೆದುಬಂದಿದೆ.

ಅಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮೂರನೇ ಸೆಮಿಸ್ಟರಿಗೆ ಹೋದೋರು ರಜೆಲಿ ನಮ್ಮನೆಗೆ ಬಂದು ಕೂರೋರು. ಮೆಷಿನ್ ಡ್ರಾಯಿಂಗ್ ನೀರು ಕುಡಿದ ಹಾಗೆ, ಮ್ಯಾಥ್ಸ್ ಮಾತ್ರ ತಲೆ ಎತ್ತಕ್ಕೆ ಬಿಡ್ತಿಲ್ಲ ಸಾರ್ ಅನ್ನೋರು." ವಿಟಿಯುದಲ್ಲಿ ಡಿಪ್ಲೊಮಾದಿಂದ ಬಂದವರು ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಎಂದು ಬೇರೆ ಪೇಪರು ಪಾಸು ಮಾಡಬೇಕಾಗಿ ಬಂದದ್ದು ಇದಕ್ಕೇ. ಒಂದು ವರ್ಷ ಮಾಫಿಯಾದರೂ ಆ ವರ್ಷದೊಳಗಿದ್ದ ಗಣಿತ ಮಾಫಿಯಾಗುವುದಿಲ್ಲ. ಅದು ಮುಂದಿನ ವರ್ಷದ ಬೆನ್ನಿಗೆ ಬಂದು ಕೂರುತ್ತದೆ. ಇಲ್ಲಿ ಎಪಿ ಕ್ಯಾಲ್ಕ್ಯುಲಸ್‌ನಲ್ಲಿ 5 ತಂದ ಮಕ್ಕಳು ಯುಸಿಯಲ್ಲಿ ಮೊದಲ ಕ್ಯಾಲ್ಕ್ಯುಲಸ್ ಕೋರ್ಸು ಬಿಟ್ಟು ಮುಂದಿನದಕ್ಕೆ ಕೂತು ತತ್ತರಿಸಿದ್ದನ್ನು ಕೇಳಿದಾಗೆಲ್ಲ ನನಗೆ ಅಪ್ಪನ ಆ ಹುಡುಗರು ನೆನಪಾಗುತ್ತಾರೆ. ಪರೀಕ್ಷೆಗೆ ಓದಿದ್ದು ಮೇ ತಿಂಗಳಲ್ಲಿ, ಕಾಲೇಜಿನಲ್ಲಿ ಬೇಕಾಗಿದ್ದು ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ. ನಡುವೆ ಎಷ್ಟು ಮರೆತಿದೆ ಎಂಬುದು ಯಾವ ಸ್ಕೋರ್ ಕಾರ್ಡಿನಲ್ಲೂ ಇರುವುದಿಲ್ಲ.

ಅಪ್ಪನ ಪಿಯುಸಿಯದ್ದೇ ಒಂದು ಕಥೆ. ಅವರ ಕಾಲಕ್ಕೆ ಅದು ಒಂದೇ ವರ್ಷ, ಪರೀಕ್ಷೆ ನಡೆಸುತ್ತಿದ್ದದ್ದು ಮೈಸೂರು ವಿಶ್ವವಿದ್ಯಾಲಯ. 1970ರ ದಶಕದ ಆರಂಭದಲ್ಲಿ ಎರಡು ವರ್ಷದ ಪಿಯುಸಿ ಬಂದು ಅದು ವಿಶ್ವವಿದ್ಯಾಲಯದ ಕೈಬಿಟ್ಟು ಹೋಯಿತು. ಅಂದರೆ ನಮ್ಮಪ್ಪ ಮೀಸೆ ಚಿಗುರುವ ವಯಸ್ಸಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಇಲ್ಲೂ ಹಾಗೇ: ಷಿಕಾಗೊ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹಚಿನ್ಸ್ ಮುಖ್ಯಸ್ಥರಾಗಿದ್ದ 1930-40ರ ದಶಕಗಳಲ್ಲಿ ಹತ್ತನೇ ಕ್ಲಾಸು ಮುಗಿಸಿದವರನ್ನೇ ಕಾಲೇಜಿಗೆ ಸೇರಿಸಿಕೊಂಡ ಪ್ರಯೋಗ ನಡೆದಿತ್ತು. ಹೈಸ್ಕೂಲು ಎಲ್ಲಿ ಮುಗಿಯಬೇಕು, ಕಾಲೇಜು ಎಲ್ಲಿ ಶುರುವಾಗಬೇಕು ಎಂಬ ಗೆರೆಯನ್ನು ಆಯಾ ಕಾಲದ ಕಚೇರಿಗಳು ಎಳೆದಿವೆ. ಹದಿನಾರರ ಮಕ್ಕಳು ಕಾಲೇಜಿನ ಪಾಠ ತಡೆದುಕೊಳ್ಳುತ್ತಾರಾ ಎಂದು ಇಲ್ಲಿ ಕೆಲವರು ಆತಂಕಪಡುವುದನ್ನು ಕೇಳಿದರೆ ನನಗೆ ಸ್ವಲ್ಪ ನಗು ಬರುತ್ತದೆ. ತಡೆದುಕೊಳ್ಳುತ್ತಾರೆ. ಪ್ರಶ್ನೆ ಬೇರೆ ಇದೆ.

ಇದನ್ನೆಲ್ಲ ಯಾರಿಗಾಗಿ ಮಾಡಿದ್ದರು ಎಂಬುದು ಆ ಪ್ರಶ್ನೆ. ಎಪಿ ಹುಟ್ಟಿದ್ದು 1950ರ ದಶಕದಲ್ಲಿ, ಫೋರ್ಡ್ ಫೌಂಡೇಶನ್ನಿನ ಹಣದಲ್ಲಿ. ಆಂಡೋವರ್, ಎಕ್ಸೆಟರ್‌ನಂಥ ಶ್ರೀಮಂತ ಖಾಸಗಿ ಶಾಲೆಗಳಲ್ಲಿ ಓದಿದ ಹುಡುಗರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗೆ ಹೋಗಿ ಕಲಿತದ್ದನ್ನೇ ಮತ್ತೆ ಕಲಿಯುತ್ತಾರೆ ಎಂಬ ದೂರಿನಿಂದ ಶುರುವಾದ ವಿಚಾರ ಅದು. ಹಾಗಾಗಿ ಎಪಿಯಲ್ಲಿ ಪೈಪೋಟಿ ಇದ್ದರೆ ಅದು ಹುಟ್ಟುಗುಣ. ಡ್ಯುಯಲ್ ಎನ್‌ರೋಲ್‌ಮೆಂಟಿನ ಬೇರು ಇನ್ನೊಂದು ಕಡೆ ಇದೆ. 1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಲಗಾರ್ಡಿಯಾ ಕಮ್ಯೂನಿಟಿ ಕಾಲೇಜಿನ ಒಳಗೇ ಒಂದು ಹೈಸ್ಕೂಲು ತೆರೆದರು, ಮಿಡಲ್ ಕಾಲೇಜ್ ಹೈಸ್ಕೂಲ್ ಎಂದು. ಅಲ್ಲಿಗೆ ಸೇರಿಸಿಕೊಂಡದ್ದು ಓದು ಬಿಟ್ಟುಬಿಡುವ ಅಂಚಿನಲ್ಲಿದ್ದ ಮಕ್ಕಳನ್ನು. ಕಾಲೇಜು ಕಣ್ಣೆದುರಿಗೇ ಇದ್ದರೆ, ಅಲ್ಲಿನ ಲೈಬ್ರರಿ ಕ್ಯಾಂಟೀನುಗಳಲ್ಲಿ ಓಡಾಡಿದರೆ ತಾನೂ ಇಲ್ಲಿಗೆ ಸೇರಿದವನು ಅನ್ನಿಸಬಹುದು ಎಂಬ ನಂಬಿಕೆ. 1985ರಲ್ಲಿ ಮಿನೆಸೋಟಾ, 1990ರಲ್ಲಿ ವಾಷಿಂಗ್ಟನ್ ರಾಜ್ಯ ಹನ್ನೊಂದು ಹನ್ನೆರಡನೇ ಕ್ಲಾಸಿನವರು ಬೋಧನಾ ಶುಲ್ಕವಿಲ್ಲದೆ ಕಾಲೇಜು ಕೋರ್ಸು ಮಾಡಬಹುದೆಂದು ಕಾನೂನು ತಂದವು. 2002ರಿಂದ ಗೇಟ್ಸ್ ಫೌಂಡೇಶನ್ ದುಡ್ಡು ಹಾಕಿ ಬೆಳೆಸಿದ ಅರ್ಲಿ ಕಾಲೇಜ್ ಹೈಸ್ಕೂಲುಗಳು ಹುಡುಕಿಕೊಂಡು ಹೋದದ್ದು ಬಡವರ ಮನೆ ಮಕ್ಕಳನ್ನು, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಹತ್ತುವವರನ್ನು. ಕ್ಯಾಲಿಫೋರ್ನಿಯಾದ 2015ರ ಎಬಿ 288 ಕಾನೂನಿನಲ್ಲಂತೂ ಇದು ಬರಹದಲ್ಲೇ ಇದೆ: ಕಾಲೇಜಿಗೆ ಹೋಗುವುದು ಖಚಿತವಿಲ್ಲದ ಮಕ್ಕಳಿಗೆ, ಉನ್ನತ ಶಿಕ್ಷಣದಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಸಮುದಾಯಗಳಿಗೆ ದಾರಿ ಮಾಡುವುದು ಅದರ ಉದ್ದೇಶ.

ಈಗ ನಮ್ಮ ಕಡೆ ನೋಡಿ. ಅಪ್ಪ ಅಮ್ಮ ಇಬ್ಬರೂ ಎಂ.ಎಸ್. ಮಾಡಿದವರು, ಗ್ಯಾರೇಜಿನಲ್ಲಿ ಟೆಸ್ಲಾ, ಮಗು ಕಾಲೇಜಿಗೆ ಹೋಗುತ್ತದಾ ಎಂಬ ಸಂಶಯವೇ ಹುಟ್ಟದ ಮನೆ. ಆ ಮನೆಯ ಮಗು ಕಮ್ಯೂನಿಟಿ ಕಾಲೇಜಿನಲ್ಲಿ ಕೋರ್ಸು ತೆಗೆದುಕೊಳ್ಳುವುದಕ್ಕೆ ಬಹುಪಾಲು ಕಾರಣ ಗ್ರೇಡಿನ ಗಣಿತ. ಯುಸಿ ಲೆಕ್ಕದಲ್ಲಿ, ವರ್ಗಾಯಿಸಬಹುದಾದ ಕಾಲೇಜು ಕೋರ್ಸಿನ ಎ, ಬಿ, ಸಿ ಗ್ರೇಡುಗಳಿಗೆ ಎಪಿಯಂತೆಯೇ ಒಂದು ಪಾಯಿಂಟು ಜಾಸ್ತಿ ಸಿಗುತ್ತದೆ. ಒಂದು ಸೆಮಿಸ್ಟರಿನ ಕಾಲೇಜು ಕೋರ್ಸು ಹೈಸ್ಕೂಲಿನ ಇಡೀ ವರ್ಷದ ಕೋರ್ಸಿಗೆ ಸಮ. ಬೇಸಿಗೆ ರಜೆಯಲ್ಲಿ ಆರು ವಾರ ಕೂತು ಒಂದು ವರ್ಷದ ವಿಷಯ ಮುಗಿಸಿದರೆ ಶಾಲೆಯ ಟೈಮ್‌ಟೇಬಲ್ಲಿನಲ್ಲಿ ಮತ್ತೊಂದು ಎಪಿಗೆ ಜಾಗ ಖಾಲಿ. ನಮ್ಮವರ ಈ ಜಾಣ್ಮೆಗೆ ನಾನು ಹೊರಗಿನವಳಲ್ಲ. ತಪ್ಪು ಅಂತಲೂ ಹೇಳಲಾರೆ, ಕಾನೂನು ಎಲ್ಲರಿಗೂ ಬಾಗಿಲು ತೆರೆದಿದೆ. ಸೀಟು ಹಂಚುವಾಗ ಹೈಸ್ಕೂಲು ಮಕ್ಕಳನ್ನು ಸಾಮಾನ್ಯವಾಗಿ ಕೊನೆಯ ಸರದಿಯಲ್ಲಿ ಇಡುತ್ತಾರೆ, ಅದೂ ಸರಿಯೇ. ಆದರೆ ಈ ಬಾಗಿಲು ಯಾರಿಗಾಗಿ ಕೊರೆದದ್ದು ಎಂಬುದು ಗೊತ್ತಿದ್ದು ಒಳಗೆ ಹೋದರೆ ನಡೆಯುವ ರೀತಿ ಸ್ವಲ್ಪ ಬೇರೆಯಾಗಬಹುದು ಎಂಬುದು ನನ್ನ ಅನಿಸಿಕೆ.

ಮಗಳಿಗೆ ಅದು ನನಗಿಂತ ಮೊದಲು ಗೊತ್ತಾಯಿತು. ಅವಳ ಮೊದಲ ಕೋರ್ಸು ಇಂಗ್ಲಿಷ್ ಬರವಣಿಗೆಯದ್ದು, ಸಂಜೆ ಹೊತ್ತು. ಹೈಸ್ಕೂಲಿನಲ್ಲಿ ಅವಳ ಸುತ್ತ ಇರುವವರೆಲ್ಲ ಅವಳಂಥವರೇ, ಒಂದೇ ಕೋಚಿಂಗು, ಒಂದೇ ಕನಸು. ಇಲ್ಲಿ ಪಕ್ಕದಲ್ಲಿ ಕೂತದ್ದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ, ಅವಳ ವಯಸ್ಸಿನ ಮಗನಿರುವ ಹೆಂಗಸು. ಹಿಂದಿನ ಸಾಲಿನಲ್ಲಿ ಸೈನ್ಯದಿಂದ ಬಂದವನೊಬ್ಬ. "ಅಮ್ಮಾ, ಅವ್ರು ಕಣ್ಣು ಕೆಂಪಗೆ ಮಾಡ್ಕೊಂಡು ಬರ್ತಾರೆ. ಆದ್ರೂ ಓದ್ಕೊಂಡು ಬರೋದು ಅವ್ರೊಬ್ರೇ" ಎಂದು ಒಂದು ರಾತ್ರಿ ಕಾರಿನಲ್ಲಿ ಹೇಳಿದಳು. ಕೆಲಸದ ಬಗ್ಗೆ ಪ್ರಬಂಧ ಬರೆಯಿರಿ ಎಂದು ಪ್ರೊಫೆಸರ್ ಹೇಳಿದಾಗ ಇವಳ ಹತ್ತಿರ ಇದ್ದದ್ದು ಬೇಸಿಗೆಯ ರೋಬಾಟಿಕ್ಸ್ ಶಿಬಿರದಲ್ಲಿ ಸ್ವಯಂಸೇವೆ ಮಾಡಿದ ಅನುಭವ. ಆ ಹೆಂಗಸಿನ ಹತ್ತಿರ ಇಪ್ಪತ್ತು ವರ್ಷದ ಬದುಕು. ಪರಸ್ಪರರ ಪ್ರಬಂಧ ಓದಿ ಟಿಪ್ಪಣಿ ಬರೆಯುವ ದಿನ ಇವಳು ಮನೆಗೆ ಬಂದು ತನ್ನದನ್ನು ಹೊಸದಾಗಿ ಬರೆದಳು. ಯಾರೂ ಬರೆಯಲು ಹೇಳಿರಲಿಲ್ಲ. ಆ ಮೂರ್ನಾಲ್ಕು ಯೂನಿಟ್ಟು ಮುಂದೆ ಯಾವ ಕಾಲೇಜಿನಲ್ಲಿ ನಡೆಯುತ್ತದೋ ಬಿಡುತ್ತದೋ, ಆ ಸಂಜೆ ನಡೆದದ್ದಂತೂ ನನ್ನ ಲೆಕ್ಕದಲ್ಲಿ ಜಮೆಯಾಗಿದೆ.

ತಾಯಂದಿರಿಗೂ ಒಂದು ಪಾಠವಿದೆ. ಹೈಸ್ಕೂಲಿನಲ್ಲಿ ಪೋರ್ಟಲ್ ತೆರೆದರೆ ನಿನ್ನೆಯ ಕ್ವಿಜ್‌ನಲ್ಲಿ ಎಷ್ಟು ಬಂತು ಎಂಬುದು ಮಗಳಿಗಿಂತ ಮೊದಲು ನಮಗೆ ಗೊತ್ತಿರುತ್ತದೆ. ಕಾಲೇಜಿನಲ್ಲಿ ಅದು ನಡೆಯುವುದಿಲ್ಲ. ಫೆರ್ಪಾ ಎಂಬ 1974ರ ಕಾನೂನಿನ ಪ್ರಕಾರ, ವಯಸ್ಸು ಎಷ್ಟೇ ಇರಲಿ, ಕಾಲೇಜಿಗೆ ಕಾಲಿಟ್ಟ ಕೂಡಲೇ ಅಲ್ಲಿನ ದಾಖಲೆಯ ಹಕ್ಕು ವಿದ್ಯಾರ್ಥಿಯದ್ದು. ಹದಿನಾರರ ಮಗಳ ಗ್ರೇಡು ತಿಳಿಯಲು ನಾನು ಅವಳನ್ನೇ ಕೇಳಬೇಕು. ಅವಳಿಗೆ ಹೇಳುವ ಮನಸ್ಸಿರಬೇಕು. ಪ್ರೊಫೆಸರಿಗೆ ಇಮೇಲ್ ಬರೆದು "ನಮ್ಮ ಮಗಳಿಗೆ ಜ್ವರ ಇತ್ತು" ಅನ್ನುವ ಅಮ್ಮಂದಿರಿಗೆ ಉತ್ತರವೇ ಬರುವುದಿಲ್ಲ. ನಮ್ಮ ಬಳಗದ ಒಬ್ಬರು ಇದನ್ನು ಅವಮಾನ ಎಂದು ತಿಳಿದು ತಿಂಗಳುಗಟ್ಟಲೆ ಗೊಣಗಿದರು. ನನಗೆ ಮಾತ್ರ ಒಳಗೊಳಗೇ ನಿರಾಳವಾಯಿತು.

ನಿರಾಳವಾಗದ ಸಂಗತಿಯೂ ಇದೆ. ಆ ಗ್ರೇಡು ಅಳಿಸುವುದಿಲ್ಲ. ಹೈಸ್ಕೂಲಿನಲ್ಲಿ ಹಾಳಾದ ಒಂದು ಸೆಮಿಸ್ಟರ್ ಡಿಗ್ರಿ ಮುಗಿಯುವಷ್ಟರಲ್ಲಿ ಯಾರಿಗೂ ಬೇಡವಾಗಿರುತ್ತದೆ, ಆದರೆ ಕಾಲೇಜು ಟ್ರಾನ್ಸ್‌ಕ್ರಿಪ್ಟಿನ ಸಿ ಅಥವಾ ಕೋರ್ಸು ನಡುವೆ ಬಿಟ್ಟದ್ದರ ಗುರುತಾದ ಡಬ್ಲ್ಯೂ ಜೊತೆಯಲ್ಲೇ ಬರುತ್ತದೆ. ಮುಂದೆ ಮೆಡಿಕಲ್ ಓದಬೇಕೆಂದರೆ ಎಎಂಸಿಎಎಸ್ ಎಂಬ ಪ್ರವೇಶದ ಅರ್ಜಿಯಲ್ಲಿ ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜು ಕೋರ್ಸುಗಳನ್ನೂ ಬರೆಯಬೇಕು. ಅವು ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರುತ್ತವೆ. "ಸುಮ್ನೆ ಟ್ರೈ ಮಾಡ್ಲಿ ಬಿಡಿ, ಫ್ರೀ ತಾನೆ" ಎಂದು ಹದಿನೈದರ ಹುಡುಗನನ್ನು ಬೇಸಿಗೆಯ ಆರು ವಾರದ ಕೆಮಿಸ್ಟ್ರಿಗೆ ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ದುಡ್ಡಿನ ಲೆಕ್ಕದಲ್ಲಿ ಮಾತ್ರ ಫ್ರೀ.

ಇನ್ನು ಈ ಕ್ರೆಡಿಟ್ ಎಲ್ಲಿ ಸಲ್ಲುತ್ತದೆ ಎಂಬ ಗೋಜಲು. ಊಟದ ಸಾಲಿನ ಚರ್ಚೆಯಲ್ಲಿ ಅತಿ ಕಡಿಮೆ ಬರುವುದೂ ಇದೇ. ಕ್ರೆಡಿಟ್ ಕೊಡುವುದು ಒಂದು ಸಂಸ್ಥೆ, ಒಪ್ಪಿಕೊಳ್ಳುವುದು ಇನ್ನೊಂದು. ಕ್ಯಾಲ್ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ. ಡಾರ್ಟ್‌ಮತ್ ಕಾಲೇಜು 2018ರಲ್ಲಿ ಪದವಿ ಪಡೆಯಲಿದ್ದ ತಂಡದಿಂದ ನಿಲ್ಲಿಸಿತು. ಟೆಕ್ಸಸ್ ಇದಕ್ಕೆ ತದ್ವಿರುದ್ಧ: 2015ರಲ್ಲಿ ಅಲ್ಲಿನ ಶಾಸನಸಭೆ ಸರ್ಕಾರಿ ಕಾಲೇಜುಗಳು 3 ಬಂದವರಿಗೂ ಕ್ರೆಡಿಟ್ ಕೊಡುವಂತೆ ಕಾನೂನು ಮಾಡಿತು. ಯುಸಿಯಲ್ಲಿ 3 ಅಥವಾ ಮೇಲೆ ಬಂದರೆ ಯೂನಿಟ್ಟುಗಳು ಸಿಗುತ್ತವೆ. ಆದರೆ ಯೂನಿಟ್ಟು ಸಿಗುವುದು ಬೇರೆ, ನಿಮಗೆ ಬೇಕಾದ ಕೋರ್ಸಿನ ಬದಲಿಗೆ ಅದನ್ನು ತೆಗೆದುಕೊಳ್ಳುವುದು ಬೇರೆ. ಒಂದೇ ಸ್ಕೋರಿಗೆ ಒಂದು ಕ್ಯಾಂಪಸ್ಸಿನಲ್ಲಿ ಒಂದು ಬೆಲೆ, ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಬದಲಾದರೆ ಇನ್ನೊಂದು. ಕಮ್ಯೂನಿಟಿ ಕಾಲೇಜಿನ ಕೋರ್ಸುಗಳಿಗೆ ಅಸಿಸ್ಟ್ ಎಂಬ ವೆಬ್‌ಸೈಟ್ ಇದೆ, ಯಾವ ಕೋರ್ಸು ಯಾವ ಯುಸಿಯಲ್ಲಿ, ಯಾವ ಸಿಎಸ್‌ಯುನಲ್ಲಿ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಯಾವುದಕ್ಕೆ ಸಮ ಎಂದು ತೋರಿಸುತ್ತದೆ. 2025ರ ಫಾಲ್‌ನಿಂದ ರಾಜ್ಯದ 116 ಕಮ್ಯೂನಿಟಿ ಕಾಲೇಜುಗಳಿಗೂ ಸಮಾನ ಕೋರ್ಸು ಸಂಖ್ಯೆ ತರುವ ಕೆಲಸ ಶುರುವಾಗಿದೆ. ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿಯಂಥ ಕೆಲವು ಮೊದಲು. ರಾಜ್ಯದ ಗಡಿ ದಾಟಿದರೆ ಈ ಅನುಕೂಲವೆಲ್ಲ ಹಿಂದೆ ಉಳಿಯುತ್ತದೆ. ಎಷ್ಟೋ ಖಾಸಗಿ ಕಾಲೇಜುಗಳು ಹೈಸ್ಕೂಲು ಮುಗಿಸಲು ಬಳಸಿಕೊಂಡ ಕೋರ್ಸಿಗೆ ಮತ್ತೆ ಕ್ರೆಡಿಟ್ ಕೊಡಲು ಒಪ್ಪುವುದಿಲ್ಲ. ಭಾರತದಲ್ಲೂ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಓದನ್ನೂ ಸೇರಿಸಿ ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್ ಎಂದು ಅಳೆಯುತ್ತದೆ. ಕೂಡಿಡುವ ಪೆಟ್ಟಿಗೆ ಸಿದ್ಧವಾಗಿದೆ. ಬಿಚ್ಚಿ ಖರ್ಚು ಮಾಡುವಾಗ ಎದುರಿನ ಕಾಲೇಜು ಏನನ್ನುತ್ತದೆ ಎಂಬುದೇ ಅಲ್ಲೂ ಮುಖ್ಯವಾಗುತ್ತದೆ.

ಉಳಿಸಿದ ಕಾಲದ ವಿಷಯದಲ್ಲಿ ನಮ್ಮ ಪರಿಚಯದ ಇಬ್ಬರು ಮಕ್ಕಳನ್ನು ನೋಡಿದ್ದೇನೆ. ಒಬ್ಬಳು ಅರ್ಥಶಾಸ್ತ್ರ ಓದಿದಳು, ಸಾಮಾನ್ಯ ಶಿಕ್ಷಣದ ಕೋರ್ಸುಗಳೆಲ್ಲ ಮೊದಲೇ ಮುಗಿದಿದ್ದವು, ಮೂರು ವರ್ಷಕ್ಕೆ ಹೊರಬಂದಳು. ಅವರ ಮನೆಯಲ್ಲಿ ಆ ವರ್ಷ ಒಬ್ಬರ ಕೆಲಸ ಹೋಗಿತ್ತು, ಉಳಿದ ದುಡ್ಡು ನಿಜವಾಗಿ ಕೈಗೆ ಬಂತು. ಇನ್ನೊಬ್ಬ ಅವಳಿಗಿಂತ ಹೆಚ್ಚು ಯೂನಿಟ್ಟು ಹೊತ್ತುಕೊಂಡು ಇಂಜಿನಿಯರಿಂಗಿಗೆ ಹೋದ. ಅಲ್ಲಿ ಒಂದು ಮುಗಿಯದೆ ಇನ್ನೊಂದಕ್ಕೆ ಕೂರಲಾಗದ ಕೋರ್ಸುಗಳ ಸರಪಳಿ. ನಾಲ್ಕು ವರ್ಷ ನಾಲ್ಕೇ ವರ್ಷವಾಗಿ ಉಳಿಯಿತು. ಅವನಿಗೆ ಸಿಕ್ಕ ಲಾಭ, ಯೂನಿಟ್ಟು ಹೆಚ್ಚಿದ್ದರಿಂದ ರಿಜಿಸ್ಟ್ರೇಷನ್ ಸರದಿ ಬೇಗ ಬರುತ್ತಿತ್ತು, ಬೆಳಗಿನ ಎಂಟು ಗಂಟೆಯ ಕ್ಲಾಸು ತಪ್ಪಿಸಿಕೊಳ್ಳುತ್ತಿದ್ದ. ಅದನ್ನು ಅವನೇ ನಗುತ್ತ ಹೇಳಿದ. ಹೈಸ್ಕೂಲಿನ ಬೇಸಿಗೆಗಳೆಲ್ಲ ಅದಕ್ಕೇ ಹೋಗಿದ್ದವು ಎಂದು ಅವನ ಅಮ್ಮ ಹೇಳುವಾಗ ನಗುತ್ತಿರಲಿಲ್ಲ.

ಯಾರಾದರೂ ಕೇಳಿದರೆ ನಾನೀಗ ಹೇಳುವುದು ಇಷ್ಟು: ಮೇಜರಿನ ಬುನಾದಿಯಾದ ಗಣಿತ, ಫಿಸಿಕ್ಸು, ಕೆಮಿಸ್ಟ್ರಿಯನ್ನು ಹೋಗುವ ಕಾಲೇಜಿನಲ್ಲೇ ಕಲಿಯಲಿ, ಕ್ರೆಡಿಟ್ ಇದ್ದರೂ ಬೇಕಾದರೆ ಬಿಟ್ಟುಕೊಡಲಿ. ಬರವಣಿಗೆ, ಇತಿಹಾಸ, ರಾಜ್ಯಶಾಸ್ತ್ರ, ಹೈಸ್ಕೂಲು ಕಲಿಸದ ಯಾವುದೋ ಒಂದು ವಿಷಯ, ಇವಕ್ಕೆ ಕಮ್ಯೂನಿಟಿ ಕಾಲೇಜು ಹೇಳಿಮಾಡಿಸಿದ ಜಾಗ. ಆನ್‌ಲೈನ್ ಬೇಡ, ಕೋಣೆಯಲ್ಲಿ ಕೂರುವ ಕ್ಲಾಸೇ ಇರಲಿ. ಒಂದು ಸಲಕ್ಕೆ ಒಂದೇ. ಈ ಸಲಹೆ ಊಟದ ಸಾಲಿನಲ್ಲಿ ಅಷ್ಟೇನೂ ಖರ್ಚಾಗುವುದಿಲ್ಲ.

ಮಗಳು ಬರುವ ಸ್ಪ್ರಿಂಗ್ ಸೆಮಿಸ್ಟರಿಗೆ ಭೂವಿಜ್ಞಾನ ಆರಿಸಿಕೊಂಡಿದ್ದಾಳೆ. ಅವಳು ಈಗ ಅಂದುಕೊಂಡಿರುವ ಯಾವ ಮೇಜರಿಗೂ ಅದು ಬೇಕಿಲ್ಲ. "ಮತ್ಯಾಕೆ?" ಎಂದು ಅವರಪ್ಪ ಕೇಳಿದರೆ, ನಮ್ಮೂರಿನ ಅಡಿಯಲ್ಲೇ ಹಾದುಹೋಗುವ ಹೇವರ್ಡ್ ಫಾಲ್ಟ್ ಎಂಬ ಭೂಕಂಪದ ಬಿರುಕನ್ನು ನೋಡಲು ಕರೆದುಕೊಂಡು ಹೋಗುತ್ತಾರಂತೆ, ಇಷ್ಟು ವರ್ಷ ಇಲ್ಲಿದ್ದೂ ನೀವ್ಯಾರೂ ತೋರಿಸಲಿಲ್ಲ ಎಂದಳು. ಫಾರ್ಮಿಗೆ ಕೌನ್ಸೆಲರ್ ಸಹಿ ಆಗಿದೆ, ನಮ್ಮದೂ ಆಗಿದೆ. ಫೀಲ್ಡ್ ಟ್ರಿಪ್ ಶನಿವಾರ ಬೆಳಿಗ್ಗೆ ಏಳಕ್ಕಂತೆ, ಕಾರು ಬಿಡುವವರು ಯಾರು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.